ಸರಾಸರಿ

ಮೂವತ್ತೊಂದು ವರ್ಷ ಮಂದಿ ಮನಿ ಗ್ವಾಡಿ ಓದಿದಾಂವ ನಾ.
ಮೊದಲ ಕೆಇಬಿ, ಆಮ್ಯಾಲೆ ಹೆಸ್ಕಾಂ,
ಹೆಗಲಿನ ಚೀಲಾ ಮಾತ್ರ ಅದ.
ಯಾರ ಮನಿಯಾಗ ಕೂಸು ಹುಟ್ಟೇತಿ, ಯಾರು ಹಾಸಿಗಿ ಹಿಡದಾರ,
ಯಾರು ಮಾತು ಬಿಟ್ಟು
ಎರಡು ಖೋಲ್ಯಾಗ ಎರಡು ಫ್ಯಾನ್ ಹಚ್ಚಿ ಮಲಗತಾರ,
ಅಂಕಿ ನೋಡಿದರ ತಿಳೀತಿತ್ತು.
ಯಾರ ಮುಂದೂ ಆಡಲಿಲ್ಲ.

ಹಿನ್ನೀರು ಬರೂಕಿಂತ ಮೊದಲ
ಕಿಲ್ಲಾ ಓಣಿಯ ಕಡೀ ರೀಡಿಂಗ್ ಬರಕೊಂಡಾಂವನೂ ನಾನ.
ಕದಾ, ಕಿಟಕಿ, ತೊಲಿ, ಎಲ್ಲಾ ಬಿಚ್ಚಿ ಒಯ್ದಿದ್ದರು.
ಒಂದು ಮನಿಯಾಗ ಮೀಟರಿನ ಕೆಂಪು ಗೀಟಿನ ಚಕ್ರ
ಇನ್ನೂ ತಿರಗತಿತ್ತು, ಮೆಲ್ಲಕ.
ಹಿತ್ತಲದ ಬಲ್ಬ್ ಆರಸೂದು ಮರತಿದ್ದರು.

ಈಗ ನವನಗರ. ರಿಟೈರಾಗಿ ಆರು ವರ್ಷ.
ಬ್ಯಾಸಗಿ ಬಿಲ್ ನೋಡಿ ತಲಿ ಕೆಟ್ಟು ಇಲಿಯಾಸನ್ನ ಕರಸಿದೆ.
ಮೇನ್ ವೈರಿಗೆ ಒಂದು ಕರೀ ಬಳಿ ತೊಡಿಸಿದ,
ಮೊಬೈಲ್ ನನ್ನ ಕೈಯಾಗ ಇಟ್ಟ:
"ಕಾಕಾ, ಇನ್ನ ಮನಿ ಉಸಿರಾಡೂದು ಕಾಣಸ್ತೈತಿ."

ಕಾಣಿಸ್ತು.
ಗೀಜರ್ ಎರಡು ಸಾವಿರ, ಗುಡ್ಡ ಎದ್ದಂಗ.
ಫ್ರಿಜ್ ತಾಸಿಗೊಮ್ಮೆ ಕೆಮ್ಮತಿತ್ತು.
ಚಂಪಾ ಒಳ್ಳಾಗ ಶೇಂಗಾ ಹಿಂಡಿ ಕುಟ್ಟಿದರ
ಸೊನ್ನಿ.

ಒಂದು ಲೆಕ್ಕ ಮಾತ್ರ ಹತ್ತಲಿಲ್ಲ.
ದಿನಾ ರಾತ್ರಿ ಎರಡೂ ಹತ್ತಕ್ಕ
ಒಂಬತ್ತು ವ್ಯಾಟ್ ಏರತಿತ್ತು, ನಲವತ್ತು ನಿಮಿಷ,
ಆಮ್ಯಾಲೆ ಇಳೀತಿತ್ತು.
ಸಣ್ಣದೊಂದು ಮೆಟ್ಟಲಾ, ಯಾರೋ ಹತ್ತಿ ಕುಂತು ಎದ್ದು ಹೋದಂಗ.

ಸೆಟ್‌ಟಾಪ್ ಬಾಕ್ಸಿನ ಪಿನ್ ಕಿತ್ತೆ.
ದೇವರ ಖೋಲಿಯ ಮಿಣಿಮಿಣಿ ಸರಾ ಕಿತ್ತೆ, ಬೈಸಿಕೊಂಡೆ.
ಮಗ್ಗಲ ಮನಿಯವರು ಕೊಂಡಿ ಹಾಕ್ಯಾರೇನಂತ
ಬ್ಯಾಟರಿ ಹಿಡದು ಕಂಪೌಂಡ್ ಸುತ್ತಿದೆ.
ರೊಕ್ಕಾನೂ ಹಾಕಿ ನೋಡಿದೆ:
ತಿಂಗಳಿಗೆ ಒಂದೂಕಾಲು ರೂಪಾಯಿ.
ಆ ಒಂದೂಕಾಲು ರೂಪಾಯಿಗೆ
ಮೊನ್ನೆ ರಾತ್ರಿ ನಿದ್ದಿಗೆಟ್ಟು ಕಾದೆ, ಕಾದು ಕಾದು ಕಣ್ಣ ಹತ್ತೇ ಬಿಟ್ಟಿತು.
ಎಚ್ಚರಾದಾಗ ಕೈ ಚಾಚಿದೆ.
ಮಗ್ಗಲ ಹಾಸಿಗಿ ತಣ್ಣಗಿತ್ತು.

ಅಡಗಿ ಮನಿಯಾಗ ಚಂಪಾ.
ಬೋಗಾಣಿ ನೀರಾಗ ಎರಡೂ ಪಾದ ಇಟ್ಟು
ಗ್ವಾಡಿಗೆ ಆತು ಬೆಳ್ಳುಳ್ಳಿ ಸುಲಿಯಾಕತ್ತಿದ್ದಳು.
"ಅಂಗಾಲ ಉರೀತಾವ," ಅಂದಳು,
ಹಾಲು ಒಡದೈತಿ ಅಂದಂಗ.

"ಯಾವಾಗಿಂದ?"

"ಇಲ್ಲಿಗೆ ಬಂದಾಗಿಂದ. ಅಲ್ಲಿ ಮುಂಜಾನೆದ್ದರ ಹೊಳಿ ಇತ್ತಲ್ಲ."
ಒಂದು ಎಸಳು ಸುಲದು ತಾಟಿಗೆ ಹಾಕಿದಳು.
"ಮೊದಲ ಅರವತ್ತರ ಬಲ್ಬಿತ್ತು. ಬಿಲ್ ಹತ್ತೀತಂತ
ಕತ್ತಲಾಗ ಕುಂದರತಿದ್ದೆ.
ಈ ಎಲ್‌ಇಡಿ ಬಂದ ಮ್ಯಾಲೆ ಹಚ್ಚತೇನಿ."

ನಮ್ಮ ಕೆಲಸದಾಗ ಒಂದು ಪದ್ಧತಿ ಇತ್ತು.
ಮನಿಗೆ ಕೀಲಿ ಇದ್ದರ 'ಡಿ.ಎಲ್.' ಅಂತ ಬರದು,
ಹಿಂದಿನ ತಿಂಗಳಗೋಳ ಸರಾಸರಿ ಹಚ್ಚಿ
ಮುಂದಿನ ಮನಿಗೆ ಹೋಗೂದು.
ಕದಾ ಬಡೀಬೇಕಂತ ಇರಲಿಲ್ಲ.
ನಲವತ್ತು ವರ್ಷದ ಸಂಸಾರ;
ಯಾರು ಕೇಳಿದರೂ "ಆರಾಮ ಅದಾಳ"
ಅಂತ ಬರಕೊಟ್ಟೇನಿ.

ಟೇಬಲ್ ಫ್ಯಾನ್ ತಂದು
ತೊಯ್ದ ಪಾದದ ಕಡೆ ತಿರುವಿ ಹಚ್ಚಿದೆ.
ಮೊಬೈಲಿನ್ಯಾಗ ಐವತ್ತೈದು ಏರಿತು.
ಅದನ್ನ ಬೋರಲಾ ಇಟ್ಟು
ನಾನೂ ಒಂದು ಬೆಳ್ಳುಳ್ಳಿ ಗಡ್ಡಿ ತಗೊಂಡೆ.
ಸುಲಿಯಾಕ ಬರಲಿಲ್ಲ, ಉಗುರಾಗ ಸಿಕ್ಕಿತು.

"ಸಾಕ, ಆರಸ್ರಿ," ಅಂದಳು. "ಬಿಲ್ ಬರ್ತೈತಿ."
ಪಾದ ಮಾತ್ರ
ಗಾಳಿ ಕಡೆ ಒಂದು ಗೇಣು ಸರಸಿದ್ದಳು.