ಎರಡು ಎಡರೆಕ್ಕೆ

ಸುಲ್ತಾನ್‌ಪೇಟೆಯ ಆ ಅಂಗಡಿಯಲ್ಲಿ
ಮದುವೆ ಪತ್ರಿಕೆ, ಜರಿ ಕಾಗದ, ಪ್ಲಾಸ್ಟಿಕ್ ಚೆಂಡುಹೂವಿನ ಹಿಂದೆ
ಧೂಳು ಕುಡಿದು ಉಬ್ಬಿದ ಪೆಟ್ಟಿಗೆ.
ಮೇಲೆ ಚಿತ್ರ: ಮೋಡ ಸೀಳಿ ಬರುವ ಯುದ್ಧವಿಮಾನ,
ಕೆಳಗೆ ಕೆಂಪು ಸಮುದ್ರ.
ಒಳಗೆ, ಚಿತ್ರಕ್ಕೂ ತನಗೂ ಸಂಬಂಧವಿಲ್ಲದ
ಬೂದು ಎಲುಬುಗೂಡು.
“ನೂರಾ ನಲವತ್ತು” ಅಂದರು ಚಾಂದ್‌ಮಲ್ ಸೇಠು,
“ಒಂದೆರಡು ಪಾರ್ಟು ಇಲ್ಲದಿರಬಹುದು,
ಆಮೇಲೆ ಬಂದು ಜಗಳ ಆಡಬಾರದು.”
ಇಪ್ಪತ್ತು ಬಿಟ್ಟರು,
ಆಡದ ಜಗಳದ ಲೆಕ್ಕಕ್ಕೆ.

ಮೆಜೆಸ್ಟಿಕ್‌ನಿಂದ ಮುರುಗೇಶಪಾಳ್ಯದವರೆಗೆ
ತೊಡೆಯ ಮೇಲೆ ಕಟಕಟ ಅನ್ನುತ್ತಾ ಬಂತು ವಿಮಾನ,
ದೊಮ್ಮಲೂರಿನಲ್ಲಿ ಇಪ್ಪತ್ತು ನಿಮಿಷ ನಿಂತು.
ಪಕ್ಕದ ಹೆಂಗಸು ಕೇಳಿದಳು: ಮಗನಿಗಾ?
ಹೌದು ಅಂದೆ.
ಮಗನಿಲ್ಲ ನನಗೆ. ಇನ್ನೊಂದು ಸಿಗ್ನಲ್ ಬಿದ್ದಿದ್ದರೆ
ಅವನ ವಯಸ್ಸು, ಸ್ಕೂಲು, ಹಟ
ಎಲ್ಲ ಹೇಳಿಬಿಡುತ್ತಿದ್ದೆ.

ಹಗಲೆಲ್ಲ ನಾನು ಹಲ್ಲು ಮಾಡುವವಳು.
ಡಾಕ್ಟರು ಕಳಿಸಿದ ಅಚ್ಚು, ಅಚ್ಚಿನ ಮೇಲೆ ಮೇಣ;
ಕೂದಲೆಳೆಯಷ್ಟು ಎತ್ತರವಾದರೂ
ಎಲ್ಲೋ ಯಾರಿಗೋ ಚಕ್ಕುಲಿ ನೋಯುತ್ತದೆ.
“ವಾರಿಜಾ, ಎಡಗಡೆ ಒಂಚೂರು ತೀಡಿ” ಎಂಬ ಚೀಟಿ ಹೊತ್ತು
ವಾಪಸ್ ಬರುತ್ತವೆ ನಗುಗಳು.
ರಾತ್ರಿಯೂ ಅದೇ ಅರ, ಅದೇ ಕನ್ನಡಕ.
ಕೈ ಮಾತ್ರ
ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ.

ಹಳೇ ಪೇಪರು ಹಾಸಿ ಬಿಡಿಸಲು ಕೂತಾಗ ಗೊತ್ತಾಯಿತು:
ಎರಡೂ ಎಡರೆಕ್ಕೆ.
ಬಲದ್ದು ಇಲ್ಲವೇ ಇಲ್ಲ.
ಪೈಲಟ್ಟಿಗೆ ತಲೆಯಿದೆ, ಮುಖವಿಲ್ಲ.
ಮೈಯ ಎರಡು ಹೋಳು
ಪಾಲಾದ ಅಣ್ಣತಮ್ಮಂದಿರಂತೆ, ಸೇರಿಸಿದಷ್ಟೂ ಬಾಯಿಬಿಡುತ್ತವೆ.
ಸೂಚನೆಯ ಹಾಳೆಯಲ್ಲಿ ಒಂಬತ್ತಾದ ಮೇಲೆ ಹನ್ನೊಂದು.
ಹತ್ತನೆಯ ಹೆಜ್ಜೆ ದೇವರೇ ಬಲ್ಲ.

ನಗು ಬಂತು. ಒಬ್ಬಳೇ, ಜೋರಾಗಿ,
ಕುಕ್ಕರು ಎಷ್ಟು ಸಲ ಕೂಗಿತೆಂದು ಲೆಕ್ಕ ತಪ್ಪುವಷ್ಟು.

ಒಂದನ್ನು ಬೋರಲು ಹಾಕಿದೆ. ಬಲವಾಯಿತು!
ಹೊಟ್ಟೆ ಆಕಾಶಕ್ಕೆ, ಬೆನ್ನು ನೆಲಕ್ಕೆ.
ಸಂದಿಗೆ ಪುಟ್ಟಿ, ಸೊಂಟಕ್ಕೆ ರಬ್ಬರ್‌ಬ್ಯಾಂಡಿನ ಉಡಿದಾರ,
ಅಂಟು ಒಣಗುವವರೆಗೆ ಕಚ್ಚಿ ಹಿಡಿಯಲು
ತಂತಿಯಿಂದ ಕಿತ್ತು ತಂದ ಆರು ಬಟ್ಟೆ ಕ್ಲಿಪ್ಪು.
ನೀಲಿ ಬ್ಲೌಸೊಂದು ಗಾಳಿಗೆದ್ದು
ಕೆಳಗಿನವರ ಸಂಪಿನ ಮುಚ್ಚಳದ ಮೇಲೆ ಇಳಿಯಿತು.
ಆ ದಿನ ನಮ್ಮ ಮನೆಯಿಂದ ಹಾರಿದ್ದು ಅದೊಂದೇ.

ಹಸಿರು ಸಾಲದೆ ಬಾಲಕ್ಕೆ ಗೇಟಿನ ಬಣ್ಣ ಬಳಿದೆ.
ಕಾಕ್‌ಪಿಟ್ಟಿನ ಗಾಜಿನ ಮೇಲೆ ಅಂಟಿನಲ್ಲಿ ಒತ್ತಿದೆ
ನನ್ನ ಹೆಬ್ಬೆಟ್ಟು, ಪತ್ರಕ್ಕೆ ಹಾಕಿದಂತೆ;
ಮುಖವಿಲ್ಲದ ಆತ ಅದರೊಳಗಿಂದಲೇ ದಾರಿ ನೋಡಬೇಕು.

ಮಹಡಿಯ ಡೊಮಿನಿಕ್ ಅಂಕಲ್
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ
ನಿಜವಾದ ರೆಕ್ಕೆಗೆ ರಿವೆಟ್ ಹೊಡೆದವರು.
ನೀರಿನ ಬಿಲ್ಲು ಕೊಡಲು ಬಂದು, ಕನ್ನಡಕ ಹಣೆಗೇರಿಸಿ
ಅಂಗೈ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರು.
“ಇದು ಹಾರಿದರೆ ಮಗಳೇ, ಬರೀ ಪಲ್ಟಿ.”
“ಹಾರಲ್ಲವಲ್ಲ ಅಂಕಲ್.”
“ಅದೇ.”
ತುಂಬ ಹೊತ್ತು ಕೆಳಗಿಡಲಿಲ್ಲ.
ಒಂದು ರಿವೆಟ್ಟಿನ ನೆನಪಾಗಿ ರಾತ್ರಿ ಎದ್ದು ಕೂರುತ್ತಿದ್ದರಂತೆ,
ಫ್ಲೋಸಿ ಆಂಟಿ ಬೈಯುತ್ತಿದ್ದರಂತೆ.
ಆಮೇಲೆ, ಪ್ರಸಾದ ಕೇಳುವವರ ದನಿಯಲ್ಲಿ:
“ಚಕ್ರ ನಾನು ಅಂಟಿಸಲಾ?”
ಸೊಟ್ಟಗೆ ಅಂಟಿಸಿದರು.
ಬೇಕಂತಲೇ, ಅನ್ನಿಸಿತು ನನಗೆ.

ಈಗ ಫ್ರಿಜ್ಜಿನ ಮೇಲೆ ನಿಂತಿದೆ, ಒಂದು ಕಾಲು ಗಿಡ್ಡವಾಗಿ.
ಒಳಗಿನ ಮೋಟಾರು ಗುರ್ ಅಂದಾಗಲೆಲ್ಲ ಮೈ ನಡುಗಿಸಿ
ಕೂದಲೆಳೆಯಷ್ಟು ಎಡಕ್ಕೆ ಜರಗುತ್ತದೆ.
ರಾತ್ರಿಯಿಡೀ ಹೀಗೆ ಹೊರಟು
ಬೆಳಗಾಗುವ ಹೊತ್ತಿಗೆ ಅಂಚಿಗೆ ಬಂದಿರುತ್ತದೆ.
ಒಂದು ಬೆರಳಲ್ಲಿ ಹಿಂದೆ ಸರಿಸಿ
ಡಬ್ಬಿ ತುಂಬಿಕೊಂಡು
ಹಲ್ಲು ಮಾಡಲು ಹೋಗುತ್ತೇನೆ.