ಈ ವಾರ ನಿಮ್ಮದು

ಮೇಲಿನ ಮನೆಗೆ ಬಾಡಿಗೆಗೆ ಬಂದವಳು ಇಂಗ್ಲೆಂಡಿನವಳು,
ಬಂದದ್ದು ಜರ್ಮನಿಯಿಂದ.
ಗ್ಯಾಸ್ ತರುವ ಹುಡುಗ ರಸೀತಿಯಲ್ಲಿ ಜಿಲ್ ಅಂತ ಓದಿ
ಒಂದು ಗಳಿಗೆ ಯೋಚಿಸಿ
ಜಿಲ್ಲಮ್ಮಾ ಎಂದು ಕೂಗಿದ. ಅಂದಿನಿಂದ
ತ್ಯಾಗರಾಜನಗರದ ನಮ್ಮ ಅಡ್ಡರಸ್ತೆಗೆಲ್ಲ ಅವಳು ಜಿಲ್ಲಮ್ಮ.

ಗಂಡ ಯೋಖೆನ್, ಪೀಣ್ಯದಲ್ಲಿ ಯಂತ್ರಗಳ ಸಹವಾಸ.
ಬೆಳಗ್ಗೆ ಅವನ ಗೇಟಿನ ಸದ್ದಿಗೆ
ನಾನು ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತೇನೆ.

ವಾರಕ್ಕೆ ಮೂರು ಸಂಜೆ ನನ್ನ ಅಡುಗೆಮನೆಯಲ್ಲಿ ಕನ್ನಡ ಪಾಠ.
ನಾನೇನು ಟೀಚರಲ್ಲ. ಟೆಲಿಫೋನ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಟ್ರಂಕ್ ಕಾಲ್ ಜೋಡಿಸಿದವಳು;
ಈ ಕಡೆಯವರನ್ನು ಆ ಕಡೆಗೆ ದಾಟಿಸುವುದಷ್ಟೇ ಗೊತ್ತು.

ಊಟ ಆಯ್ತಾ? ಎಂದೆ ಮೊದಲ ದಿನ.
ಗಾಬರಿಯಾಗಿ ಒಲೆಯತ್ತ ನೋಡಿದಳು, ಕರೆದಿರಾ? ನಾನು ಮರೆತೆನಾ?
ಅಲ್ಲಮ್ಮ, ಇದು ಪ್ರಶ್ನೆಯಲ್ಲ.
ಆಗ ನಕ್ಕಳು ನೋಡಿ:
ನಮ್ಮಲ್ಲಿ ಹೇಗಿದ್ದೀರಿ ಅನ್ನುವುದೂ ಪ್ರಶ್ನೆಯಲ್ಲ.
ಸ್ಟುಟ್‌ಗಾರ್ಟಿನಲ್ಲಿ ಹಾಗೆ ಕೇಳಿ
ಕೆಳಮನೆಯ ಫ್ರೌ ಎಬರ್ಲೆಯ ಮೊಣಕಾಲಿನ ಚರಿತ್ರೆಯನ್ನು
ನಲವತ್ತು ನಿಮಿಷ ಮೆಟ್ಟಿಲಲ್ಲೇ ನಿಂತು ಕೇಳಿದೆ,
ಕೈಯಲ್ಲಿ ಐಸ್‌ಕ್ರೀಮಿನ ಡಬ್ಬಿ ಕರಗುತ್ತಿತ್ತು.

ಒಂದೊಂದೇ ಇಳಿದು ಬಂದವು ಮಹಡಿಯಿಂದ:
ಭಾನುವಾರ ಗೋಡೆಗೆ ಮೊಳೆ ಹೊಡೆದದ್ದಕ್ಕೆ
ಬಾಗಿಲಡಿ ತೂರಿಬಂದ ಚೀಟಿ, ಕೊನೆಯಲ್ಲಿ ವಂದನೆಗಳು;
ನಡುರಾತ್ರಿ ಒಂದೂ ಕಾರಿಲ್ಲದ ರಸ್ತೆಯಲ್ಲಿ
ಕೆಂಪು ದೀಪಕ್ಕೆ ಕಾದು ನಿಂತ ಐವರು,
ದಾಟಿದ ಇವಳ ಬೆನ್ನಿಗೆ ಅಂಟಿದ ಹತ್ತು ಕಣ್ಣು.
ಈಗ ಸೌತ್ ಎಂಡ್ ಸರ್ಕಲ್ಲಿನಲ್ಲಿ ಹಸಿರಿದ್ದರೂ ನಿಲ್ಲುತ್ತಾಳೆ,
ಯಾರಾದರೂ ಅಜ್ಜಿ ದಾಟಲಿ, ಸೆರಗಿನ ಹಿಂದೆ ಹೋಗೋಣವೆಂದು.

ನನ್ನ ಸಾರಿಗೆ ಯೋಖೆನ್ ಅಂದ: ಉಪ್ಪು ಜಾಸ್ತಿ.
ಅವಳು ಅಂದಳು: ತುಂಬಾ ಸ್ವಾರಸ್ಯವಾಗಿದೆ.
ಯಾರ ಮಾತು ಕೇಳಿ ನೀರು ಬೆರೆಸಬೇಕೆಂದು
ನನಗೀಗ ತಿಳಿದಿದೆ.

ನೀನು, ನೀವು ಎಂದು ಬರೆದ ದಿನ ಪೆನ್ನು ಕೆಳಗಿಟ್ಟಳು.
ನನ್ನ ಭಾಷೆ ಇದನ್ನೆಲ್ಲೋ ಕಳೆದುಕೊಂಡಿದೆ, ಅರಸನಿಗೂ ನಾಯಿಗೂ ಒಂದೇ.
ಅಲ್ಲಿ ಹೋಗಿ ಕಲಿತೆ. ಆರು ವರ್ಷ ಆಕೆಗೆ ನಾನು ನೀವು.
ಏಳನೆಯ ವರ್ಷ, ಅದೇ ಮೆಟ್ಟಿಲು, ಕೈ ಚಾಚಿ
ನಾನು ಹಿಲ್ಡೆಗಾರ್ಡ್ ಅಂದಳು.
ಒಳಗೆ ಹೋಗಿ ಅತ್ತೆ.
ಇಲ್ಲಿ ಎಷ್ಟು ವರ್ಷ ಬೇಕು?

ದೇವರಿಗೆ ನೀನು ಅಂತೀವಿ,
ನಮ್ಮೆಜಮಾನರಿಗೆ ಸಾಯುವವರೆಗೂ ನೀವು ಅಂದೆ,
ಆಟೋದವನಿಗೆ, ಮೀಟರು ಹಾಕುವವರೆಗೆ…
ಏನೇನೋ ಹೇಳಿ, ಹಾಲು ಉಕ್ಕಿತೆಂದು ಎದ್ದೆ. ಉಕ್ಕಿರಲಿಲ್ಲ.

ಆ ಊರಲ್ಲಿ ಮೆಟ್ಟಿಲು ಗುಡಿಸಲು ಸರದಿಯಂತೆ.
ಬಾಗಿಲಿಗೆ ಪುಟ್ಟ ಹಲಗೆ ನೇತುಬಿದ್ದರೆ ಆ ವಾರ ನಿಮ್ಮದು.
ಹೊರಡುವಾಗ ಹಿಲ್ಡೆಗಾರ್ಡ್ ಅದನ್ನೇ ಕೊಟ್ಟು ಕಳಿಸಿದ್ದಳು.
ಜಿಲ್ಲಮ್ಮ ಪೊರಕೆ ಹಿಡಿದದ್ದೇ ತಡ
ಕೆಲಸದ ಕೆಂಚಮ್ಮ ಕಿತ್ತುಕೊಂಡಳು:
ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ್ರವ್ವ.
ಸಾರಿ, ಸಾರಿ, ಸಾರಿ. ಪೊರಕೆಗೂ ಒಂದು ಸಾರಿ.

ಆಮೇಲೆ ಕೆಂಚಮ್ಮನಿಗೆ ಚಿಕೂನ್‌ಗುನ್ಯಾ.
ಸಂಬಳ ಕಳಿಸಿದೆವು, ಅರ್ಧ ಮೇಲಿಂದ ಅರ್ಧ ಕೆಳಗಿಂದ.
ಮರುದಿನ ನನ್ನ ಚಿಲಕದಲ್ಲಿ ಹಲಗೆ,
ಓದಲಾಗದ ಅಕ್ಷರ, ಅರ್ಥವಾಯಿತು.
ಅರವತ್ತೆಂಟರ ಸೊಂಟಕ್ಕೆ ಸೆರಗು ಸಿಕ್ಕಿಸಿ
ನಾಲ್ಕನೇ ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದೆ.

ಮೇಲಿಂದ ಅವಳ ದನಿ:
ನೀನು ಕೂತ್ಕೋ. ಇನ್ನು ನಾನು.

ನೀವು ಕೂತ್ಕೊಳ್ಳಿ, ಅನ್ನಬೇಕು—
ತಿದ್ದಲು ಬಾಯಿ ತೆರೆದೆ.
ನಮ್ಮ ಎಕ್ಸ್‌ಚೇಂಜಿನಲ್ಲೊಂದು ನಿಯಮವಿತ್ತು:
ಲೈನು ಕೂಡಿದ ಮೇಲೆ
ಆಪರೇಟರು ನಡುವೆ ಇರಕೂಡದು.

ಕೂತೆ. ಮೆಟ್ಟಿಲು ತಣ್ಣಗಿತ್ತು.
ಮೇಲಿಂದ ಧೂಳು ಇಳಿದು ಬರುತ್ತಿತ್ತು ನನ್ನ ಮಡಿಲಿಗೆ.