ಐದು ಗಂಟೆ ಮೊದಲು

ಆಕ್ಲೆಂಡಿನಿಂದ ಸಾಂಟಿಯಾಗೊಗೆ
ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು.
ಚಿಲ್ಲರೆ ಅಂದದ್ದು ನಿಮಗೆ;
ನನ್ನ ಮೇಜಿನಲ್ಲಿ ಚಿಲ್ಲರೆಗೂ ಸೀಮೆಎಣ್ಣೆ ಅಳೆಯಬೇಕು.

ನಕಾಶೆಗೆ ಸ್ಕೇಲಿಟ್ಟು ಎಳೆದ ಗೆರೆ ಹತ್ತಿರದ ದಾರಿಯಲ್ಲ.
ಹತ್ತಿರದ್ದು ಬಾಗುತ್ತದೆ,
ದಕ್ಷಿಣಕ್ಕೆ, ಹಿಮಗಡ್ಡೆ ತೇಲುವ ನೀರಿನತ್ತ,
ಕೆಳಗೆ ಒಂದೂ ದೀಪವಿಲ್ಲದ ಕಡೆಗೆ.
ಹೊಸಬರಿಗೆ ಕಿತ್ತಳೆಗೆ ದಾರ ಸುತ್ತಿ ತೋರಿಸುತ್ತೇನೆ.
ಆಮೇಲೆ ಸುಲಿದು ಹಂಚಿಕೊಳ್ಳುತ್ತೇವೆ.

ಅಪ್ಪ ಬೌದಿಲಿಯೊ ಹೇಸರಗತ್ತೆ ಹೊಡೆದವನು,
ಮೈಪೊ ಕಣಿವೆಯಿಂದ ಗಡಿಯ ಘಟ್ಟದವರೆಗೆ.
ಅವನ ಅಳತೆಯೇ ಬೇರೆ:
ಬಿಸಿನೀರ ಬುಗ್ಗೆಗೆ ಮೂರು ಸಿಗರೇಟು,
ಕುರಿದೊಡ್ಡಿಗೆ ಏಳು, ಎದುರುಗಾಳಿಯಿದ್ದರೆ ಒಂಬತ್ತು.
ನನ್ನ ಕೆಲಸ ಏನೆಂದು ವಿವರಿಸಿದಾಗ
"ಹಾಗಾದರೆ ನೀನೂ ಎದುರುಗಾಳಿ ಲೆಕ್ಕ ಹಾಕ್ತೀಯ. ಸರಿ ಬಿಡು" ಅಂದ.
ಅದಕ್ಕಿಂತ ದೊಡ್ಡ ಹೊಗಳಿಕೆ ಆ ಬಾಯಲ್ಲಿ ಕೇಳಿದ್ದಿಲ್ಲ.

ತಂಗಿ ಒವಿಡಿಯಾ ವೈಕಾಟೊದಲ್ಲಿ
ನಾನೂರು ಹಸುಗಳ ಕೆಚ್ಚಲಿಗೆ ಯಂತ್ರ ಕಚ್ಚಿಸುತ್ತಾಳೆ.
ಫೋನಿನಲ್ಲಿ ಅವಳದ್ದು ಬಹುಪಾಲು ನಾಳೆ.
"ನಾಳೆ ಹೇಗಿದೆ?" ಅಂತ ಕೇಳುತ್ತೇನೆ.
"ಸಗಣಿ ವಾಸನೆ" ಅನ್ನುತ್ತಾಳೆ.

ಆ ಸಲ ಕೇಳಲಿಲ್ಲ.
ಇಲ್ಲಿ ಭಾನುವಾರ ರಾತ್ರಿ, ಅಲ್ಲಿ ಸೋಮವಾರದ ಮಧ್ಯಾಹ್ನ.
ಅಪ್ಪನ ಉಸಿರು ಏರುಹಾದಿಯಲ್ಲಿ ನಿಂತು ನಿಂತು ಬರುತ್ತಿತ್ತು.
ಅವಳು ರಬ್ಬರು ಬೂಟಿನಲ್ಲೇ ಏರ್‌ಪೋರ್ಟಿಗೆ ಓಡಿದಳು.

ಸೋಮವಾರ ಸಂಜೆ ಆರಕ್ಕೆ ಅಲ್ಲಿ ಏರಿದ ವಿಮಾನ
ಅದೇ ಸೋಮವಾರ ಮಧ್ಯಾಹ್ನ ಒಂದಕ್ಕೆ ಇಲ್ಲಿ ಇಳಿಯುತ್ತದೆ.
ತಪ್ಪು ಬರೆದಿಲ್ಲ.
ಹೊರಟದ್ದಕ್ಕಿಂತ ಐದು ಗಂಟೆ ಮೊದಲು.

ಆ ರಾತ್ರಿ ಪಾಳಿ ನನ್ನದೇ.
ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ.
ಬೆನ್ನಗಾಳಿ ಎಲ್ಲಿದೆ ಎಂದು ತಡಕಿದೆ,
ದಾರಿಯನ್ನು ತುಸು ಉತ್ತರಕ್ಕೆ ಸರಿಸಿದೆ.
ದಾರಿ ಉದ್ದವಾಯಿತು, ಹೊತ್ತು ಕಡಿಮೆಯಾಯಿತು.
ಇಂಥದ್ದೂ ಉಂಟು.
ಹದಿನೇಳು ನಿಮಿಷ ಉಳಿಯಿತು.

ಅಪ್ಪ ಹೋದದ್ದು ಹನ್ನೆರಡೂ ಇಪ್ಪತ್ತಕ್ಕೆ.
ಅವಳು ನೆಲ ಮುಟ್ಟಿದ್ದು ಹನ್ನೆರಡೂ ನಲವತ್ತಮೂರಕ್ಕೆ.

ಕೃಷಿ ತಪಾಸಣೆಯವರು ಬೂಟು ಕಿತ್ತುಕೊಂಡಿದ್ದರು,
ಪರದೇಶದ ಸಗಣಿ ಒಳಗೆ ಬರಕೂಡದಂತೆ.
ಕಾಲುಚೀಲದಲ್ಲೇ ಬಂದಳು.
ಕೈಗಡಿಯಾರದ ಮುಳ್ಳು ಇನ್ನೂ ಅಲ್ಲಿಯದೇ:
ಮಂಗಳವಾರದ ನಸುಕು, ಹಾಲು ಕರೆಯುವ ಹೊತ್ತು ಮೀರುತ್ತಿತ್ತು.
ನನ್ನ ಮುಖ ನೋಡಿ
"ಎಷ್ಟು ತಡ ಆಯ್ತು?" ಅಂದಳು.
ನಿಮಿಷ ನಾಲಗೆಗೆ ಬರಲಿಲ್ಲ.
"ಎರಡು ಸಿಗರೇಟು" ಅಂದೆ.

ಅಲ್ಲೇ, ಹೂಗುಚ್ಛ ಹಿಡಿದವರ ನಡುವೆ,
ಟ್ಯಾಕ್ಸಿ ಟ್ಯಾಕ್ಸಿ ಎಂದು ಕೂಗುವವರ ನಡುವೆ
ಅವಳಿಗೆ ನಗು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಹದಿಮೂರು ದಿನ ಇದ್ದು ಹಿಂದಿರುಗಿದಳು.
ಭಾನುವಾರ ನಡುರಾತ್ರಿಗೆ ಸ್ವಲ್ಪ ಮೊದಲು ಹತ್ತಿದರೆ
ಇಳಿಯುವಾಗ ಮಂಗಳವಾರ ಬೆಳಗಾಗಿರುತ್ತದೆ.
ಆ ಸಲ ಉದ್ದವಾಗಿದ್ದ ಸೋಮವಾರಕ್ಕೆ
ಈ ಸಲ ಒಂದಿಡೀ ಸೋಮವಾರ ವಜಾ.

ಮೋಡದ ಮೇಲೆಲ್ಲ ಎದುರುಗಾಳಿಯಿತ್ತು.
ಬೇಕಾದದ್ದಕ್ಕಿಂತ ತುಸು ಹೆಚ್ಚೇ ಸೀಮೆಎಣ್ಣೆ ಬರೆದೆ.
ಕಾರಣದ ಖಾನೆಯಲ್ಲಿ:
ಹವಾಮಾನ.